ಸೈಕಲ್ಲಿನ ಮೇಲೆ ಹುಟ್ಟೂರಿಗೆ

ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಗಿ ತೆರೆದಂದಿನಿಂದ ಶಹಾಡದ ನಮ್ಮಂಥವರಿಗೆ ಊರು ಒಂದು ನಿದ್ದೆಯಷ್ಟು ಹತ್ತಿರವಾಗಿದೆ. ಠಾಣೆಯಲ್ಲಿ ಗಾಡಿ ಹತ್ತಿದರೆ ಕುಮಟೆಯಲ್ಲಿ ಕಣ್ಣು ತೆರೆಯುವುದು. ನಡುವಿನ ನಾಡನ್ನು ನಮ್ಮ ಮಕ್ಕಳು ಕಂಡೇ ಇಲ್ಲ! ಆದ್ದರಿಂದ ಕಳೆದ ಚಳಿಗಾಲದಲ್ಲಿ ನಾವು ಅಂಕೋಲೆಯಲ್ಲೇ ಇಳಿದು, ಮಗಳೊಡನೆ ಬೆಳಗಿನ ತಂಪಿನಲ್ಲಿ ಸೈಕಲ್ಲು ಹತ್ತಿದೆವು. ಕುಮಟೆಗೆ ಸುಮಾರು 35 ಕಿಲೋಮೀಟರು.

ಅಂಕೋಲೆ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು. ಮುಂದೆ ಶಿರೂರಿನಲ್ಲಿ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದಕ್ಕೆ ಗಂಗಾವಳಿ ಹೊಳೆ. 2024ರ ಜುಲೈ 16ರಂದು ಆ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಹೊಳೆಗೆ ಬಿತ್ತು. ದಾರಿಬದಿಯ ಚಹದಂಗಡಿಯವರೂ ಲಾರಿಯವರೂ ಪ್ರಾಣ ಕಳೆದುಕೊಂಡರು. ಮಗಳು ತಾನಾಗಿ ಸೈಕಲ್ಲು ನಿಲ್ಲಿಸಿದಳು. “ಪೇಪರಿನಲ್ಲಿ ಬಂದದ್ದು ಇದೇ ಜಾಗವೇನಪ್ಪಾ?” ನಮಗೆ ಮಾತು ಹೊರಡಲಿಲ್ಲ. ಬುಡ ಕಡಿದ ಗುಡ್ಡಕ್ಕೆ ಮಳೆಗಾಲದಲ್ಲಿ ಆಸರೆಯಿಲ್ಲವೆಂಬುದನ್ನು ರೈಲಿನ ಕಿಟಕಿ ನಮಗೆ ಎಂದೂ ತೋರಿಸಿರಲಿಲ್ಲ.

ಏರು ಬಂದಲ್ಲಿ ಇಳಿದು ನೂಕಿದೆವು, ಇಳುಕಲಿನಲ್ಲಿ ಬ್ರೇಕು ಬಿಡಲಿಲ್ಲ. ಮಿರ್ಜಾನಿನ ಕೆಂಪುಕಲ್ಲಿನ ಕೋಟೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ತುಗೀಜರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಕರಿಮೆಣಸಿನ ಆಸೆಗೆ ಹಡಗುಗಳು ಈ ಕರಾವಳಿಗೆ ಬರುತ್ತಿದ್ದವೆಂದಾಗ, ಮಗಳು ಬುತ್ತಿಯ ಸಾರಿನಲ್ಲಿದ್ದ ಕಾಳೊಂದನ್ನು ಎತ್ತಿ ನೋಡಿದಳು.

ಸಂಜೆ ಕುಮಟೆಯ ಜಗಲಿಯಲ್ಲಿ ಅಜ್ಜಿಗೆ ದಾರಿಯನ್ನೆಲ್ಲ ವರ್ಣಿಸಿದವಳು ಅವಳೇ. “ನಮ್ಮೂರಿನ ದಾರಿಯಲ್ಲಿ...” ಎಂದು ಮಾತು ತೆಗೆದಳು. ಇದುವರೆಗೆ ಅದು “ನಿಮ್ಮೂರು” ಆಗಿತ್ತು. ವಾಚಕರೇ, ಮಳೆಗಾಲವನ್ನು ಬಿಟ್ಟು, ಒಮ್ಮೆ ನೀವೂ ಒಂದು ನಿಲ್ದಾಣ ಮೊದಲೇ ಇಳಿದು ನೋಡಿ.