ವಿದ್ಯುತ್ ಬೈಸಿಕಲ್‌ನ ಎಲ್‌ಇಡಿ ದೀಪಗಳು

ವಿದ್ಯುತ್ ಬೈಸಿಕಲ್‌ನ ಮೋಟಾರನ್ನು ನಡೆಸುವ ಬ್ಯಾಟರಿ ಪ್ಯಾಕ್‌ನಿಂದಲೇ ಅದರ ಎಲ್‌ಇಡಿ ದೀಪಗಳಿಗೂ ವಿದ್ಯುತ್ ಒದಗಿಸಬಹುದು. ಇದಕ್ಕೆ ತಗಲುವ ಶಕ್ತಿ ಅತ್ಯಲ್ಪ. 36 ವೋಲ್ಟ್, 10 ಆಂಪಿಯರ್-ಗಂಟೆಯ ಪ್ಯಾಕ್‌ನಲ್ಲಿ ಸುಮಾರು 360 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. 6 ವ್ಯಾಟ್‌ನ ದೀಪ ಒಂದು ಗಂಟೆ ಉರಿದರೆ ಅದರಲ್ಲಿ ಶೇಕಡಾ 2ರಷ್ಟು ವ್ಯಯವಾಗುತ್ತದೆ. ತೊಡಕಿರುವುದು ವೋಲ್ಟೇಜಿನಲ್ಲಿ.

ವೋಲ್ಟೇಜಿನ ಏರಿಳಿತ

ಪ್ಯಾಕ್‌ನ ಮೇಲೆ ಮುದ್ರಿಸಿದ ವೋಲ್ಟೇಜ್ ನಾಮಮಾತ್ರದ್ದು. ಸಾಮಾನ್ಯ ಲಿಥಿಯಂ-ಅಯಾನ್ ಕೋಶ ಪೂರ್ಣ ಚಾರ್ಜ್ ಆದಾಗ 4.2 ವೋಲ್ಟ್, ಬರಿದಾಗುವ ವೇಳೆಗೆ ಸುಮಾರು 3 ವೋಲ್ಟ್ ತೋರಿಸುತ್ತದೆ. ಆದ್ದರಿಂದ ಸರಣಿಯಲ್ಲಿ 10 ಕೋಶಗಳಿರುವ 36 ವೋಲ್ಟ್ ಪ್ಯಾಕ್ 42ರಿಂದ 30 ವೋಲ್ಟ್‌ವರೆಗೂ, 13 ಕೋಶಗಳ 48 ವೋಲ್ಟ್ ಪ್ಯಾಕ್ 54.6ರಿಂದ 39 ವೋಲ್ಟ್‌ವರೆಗೂ ಇಳಿಯುತ್ತದೆ.

ಬಿಳಿ ಎಲ್‌ಇಡಿಗೆ ಬೇಕಾದುದು ಸುಮಾರು 3 ವೋಲ್ಟ್. ವೋಲ್ಟೇಜ್ ಸ್ವಲ್ಪ ಹೆಚ್ಚಿದರೂ ಪ್ರವಾಹ ಬಹಳ ಏರಿ ಅದು ಸುಟ್ಟುಹೋಗುತ್ತದೆ. ನಡುವೆ ರೋಧಕವೊಂದನ್ನು ಜೋಡಿಸುವುದು ಸುಲಭವಾದರೂ ದುಂದು: 36 ವೋಲ್ಟ್‌ನಲ್ಲಿ 0.35 ಆಂಪಿಯರ್ ಹರಿದಾಗ ಎಲ್‌ಇಡಿ ಬಳಸುವುದು ಸುಮಾರು 1 ವ್ಯಾಟ್, ರೋಧಕದಲ್ಲಿ ಶಾಖವಾಗಿ ಹೋಗುವುದು 11 ವ್ಯಾಟ್‌ಗೂ ಹೆಚ್ಚು.

ಪರಿವರ್ತಕದ ಆಯ್ಕೆ

ವೋಲ್ಟೇಜನ್ನು ತಗ್ಗಿಸುವ ಬಕ್ ಪರಿವರ್ತಕವೇ ಸೂಕ್ತ ಸಾಧನ. ದೀಪದ ಅಗತ್ಯಕ್ಕೆ ತಕ್ಕಂತೆ 6 ಅಥವಾ 12 ವೋಲ್ಟ್‌ನ ಪರಿವರ್ತಕವನ್ನು ಬಳಸಲಾಗುತ್ತದೆ (6 ವೋಲ್ಟ್ ಎಂಬುದು ಡೈನಮೊ ಕಾಲದಿಂದ ಬಂದ ರೂಢಿ). ಆದರೆ ಅದರ ಗರಿಷ್ಠ ಒಳಬರುವ ವೋಲ್ಟೇಜನ್ನು ಪೂರ್ಣ ಚಾರ್ಜ್ ಆದ ಪ್ಯಾಕ್‌ಗೆ ಹೋಲಿಸಿ ನೋಡಬೇಕು. ಅಗ್ಗದ ಮಾಡ್ಯೂಲ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಲ್‌ಎಂ 2596 ಚಿಪ್‌ನ ಮಿತಿ 40 ವೋಲ್ಟ್. 36 ವೋಲ್ಟ್ ಎಂದು ಬರೆದ ಪ್ಯಾಕ್‌ ಕೂಡ ಚಾರ್ಜ್ ಆದೊಡನೆ ಅದನ್ನು ಮೀರುತ್ತದೆ.

ಅಪಾಯಗಳು

ಪ್ಯಾಕ್ ಬಿಚ್ಚಿ, ಮೂರು ಕೋಶಗಳಿಂದ ಮಾತ್ರ ತಂತಿ ಎಳೆದು 12 ವೋಲ್ಟ್ ಪಡೆಯುವ ಪದ್ಧತಿ ಅತ್ಯಂತ ಅಪಾಯಕಾರಿ. ಆ ಕೋಶಗಳು ಉಳಿದವಕ್ಕಿಂತ ಬೇಗ ಬರಿದಾಗುತ್ತವೆ. ಬ್ಯಾಟರಿ ನಿರ್ವಹಣಾ ಮಂಡಲವನ್ನು ದಾಟಿ ಪ್ರವಾಹ ಹೋಗುವುದರಿಂದ ಅದನ್ನು ಕಡಿತಗೊಳಿಸುವ ವ್ಯವಸ್ಥೆಯೂ ಇರುವುದಿಲ್ಲ. ಅತಿಯಾಗಿ ಬರಿದಾದ ಕೋಶದೊಳಗೆ ತಾಮ್ರ ಕರಗಿ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಸಂಪರ್ಕವನ್ನು ಇಡೀ ಪ್ಯಾಕ್‌ನ ಹೊರ ತುದಿಗಳಿಂದಲೇ ಪಡೆಯಬೇಕು.

ಧನ ತಂತಿಯಲ್ಲಿ, ಪ್ಯಾಕ್‌ಗೆ ಆದಷ್ಟು ಹತ್ತಿರದಲ್ಲಿ, 1 ಆಂಪಿಯರ್ ಫ್ಯೂಸ್ ಇರಬೇಕು; ಇಲ್ಲದಿದ್ದರೆ ತೆಳು ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಕೆಂಪಗೆ ಕಾಯುತ್ತದೆ. ಕಾರುಗಳ ಸಾಮಾನ್ಯ ಫ್ಯೂಸ್‌ಗಳು 32 ವೋಲ್ಟ್‌ಗೆ ಮಾತ್ರ ತಯಾರಾದವು, ಇಲ್ಲಿಗೆ ಸಲ್ಲವು. ಸ್ವಿಚ್ಚು ಕೂಡ ಪ್ಯಾಕ್‌ನ ವೋಲ್ಟೇಜಿನ ಏಕಮುಖ ಪ್ರವಾಹಕ್ಕೆ ತಕ್ಕುದಾಗಿರಬೇಕು.

ಕೆಲವು ಬೈಸಿಕಲ್‌ಗಳ ಮೋಟಾರು ನಿಯಂತ್ರಕದಲ್ಲೇ ದೀಪಕ್ಕೆಂದು 6 ಅಥವಾ 12 ವೋಲ್ಟ್‌ನ ಸಂಪರ್ಕವಿರುತ್ತದೆ. ಅಂತಹ ಕಡೆ ಪ್ರತ್ಯೇಕ ಪರಿವರ್ತಕ ಬೇಕಿಲ್ಲ. ದೀಪಗಳ ಒಟ್ಟು ವ್ಯಾಟ್ ಕೈಪಿಡಿಯಲ್ಲಿ ಸೂಚಿಸಿದ ಮಿತಿಯೊಳಗಿರಬೇಕು.