ಕರ್ನಾಟಕದ ಹಿಜಾಬ್ ನಿರ್ಬಂಧ ಮತ್ತು ಮುಸ್ಲಿಂ ಮಹಿಳೆಯರ ಉದ್ಯೋಗ

ಕರ್ನಾಟಕದ ಹಿಜಾಬ್ ನಿರ್ಬಂಧವು ವಿದ್ಯಾರ್ಥಿಗಳ ಸಮವಸ್ತ್ರದ ಪ್ರಶ್ನೆಯಾಗಿ ಆರಂಭವಾಯಿತು. ಮುಂದೆ ಅದರ ಪರಿಣಾಮ ಶಿಕ್ಷಕಿಯರ ವೃತ್ತಿಯ ಮೇಲೂ ಕಾಣಿಸಿಕೊಂಡಿತು. ತಲೆ ಮತ್ತು ಕತ್ತನ್ನು ಮುಚ್ಚುವ ವಸ್ತ್ರವನ್ನು ಹಿಜಾಬ್ ಎನ್ನುತ್ತಾರೆ.

ಹಿನ್ನೆಲೆ

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ವಿವಾದ ಹುಟ್ಟಿತು. 2022ರ ಫೆಬ್ರವರಿ 5ರಂದು ರಾಜ್ಯ ಸರ್ಕಾರವು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಸಮವಸ್ತ್ರದ ಬಗ್ಗೆ ಆದೇಶ ಹೊರಡಿಸಿತು. ಫೆಬ್ರವರಿ 10ರಂದು ಉಚ್ಚ ನ್ಯಾಯಾಲಯವು ಪ್ರಕರಣ ಇತ್ಯರ್ಥವಾಗುವವರೆಗೆ ವಿದ್ಯಾರ್ಥಿಗಳು ತರಗತಿಯಲ್ಲಿ ಹಿಜಾಬ್ ಹಾಗೂ ಕೇಸರಿ ಶಾಲು ಧರಿಸಬಾರದೆಂದು ಮಧ್ಯಂತರ ಆದೇಶ ನೀಡಿತು. ಸಮವಸ್ತ್ರ ನಿಗದಿಯಾಗಿರುವ ಸಂಸ್ಥೆಗಳಿಗೆ ಮಾತ್ರ ಈ ಆದೇಶ ಅನ್ವಯಿಸುತ್ತಿತ್ತು.

ಶಿಕ್ಷಕಿಯರ ಮೇಲಿನ ಪರಿಣಾಮ

ಹಲವೆಡೆ ಶಿಕ್ಷಕಿಯರಿಗೂ ಕಾಲೇಜಿನ ಗೇಟಿನಲ್ಲೇ ಹಿಜಾಬ್ ತೆಗೆಯುವಂತೆ ಸೂಚಿಸಲಾಯಿತು. ಅದೇ ತಿಂಗಳು ತುಮಕೂರು ನಗರದ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಅತಿಥಿ ಉಪನ್ಯಾಸಕಿಯೊಬ್ಬರು ಇದೇ ಕಾರಣಕ್ಕೆ ರಾಜೀನಾಮೆ ನೀಡಿದರು. ಈ ವಿಷಯ ಪ್ರಸ್ತಾಪವಾದಾಗ, ಮಧ್ಯಂತರ ಆದೇಶವು ವಿದ್ಯಾರ್ಥಿಗಳಿಗೆ ಸೀಮಿತವೆಂದು ಫೆಬ್ರವರಿ 23ರಂದು ಪೀಠವು ಮೌಖಿಕವಾಗಿ ಸ್ಪಷ್ಟಪಡಿಸಿತು. ಸೇವಾಭದ್ರತೆಯಿಲ್ಲದ ಅತಿಥಿ ಉಪನ್ಯಾಸಕರಿಗೆ ಇಂತಹ ಸ್ಪಷ್ಟೀಕರಣ ಬರುವವರೆಗೆ ಕಾಯುವುದು ಅಥವಾ ಆಡಳಿತ ಮಂಡಳಿಯ ಸೂಚನೆಯನ್ನು ಪ್ರಶ್ನಿಸುವುದು ಸುಲಭವಲ್ಲ.

ಕಾಯಂ ಶಿಕ್ಷಕಿಯರ ಕರ್ತವ್ಯಕ್ಕೂ ನಿರ್ಬಂಧ ತಟ್ಟಿತು. ಹಿಜಾಬ್ ಧರಿಸಲೇಬೇಕೆನ್ನುವ ಶಿಕ್ಷಕಿಯರನ್ನು ಪರೀಕ್ಷಾ ಕಾರ್ಯಕ್ಕೆ ನಿಯೋಜಿಸುವುದಿಲ್ಲವೆಂದು ಅಂದಿನ ಶಿಕ್ಷಣ ಸಚಿವ, ತುಮಕೂರು ಜಿಲ್ಲೆಯ ತಿಪಟೂರಿನ ಶಾಸಕರಾಗಿದ್ದ ಬಿ. ಸಿ. ನಾಗೇಶ್ ಅವರು 2022ರ ಏಪ್ರಿಲ್‌ನಲ್ಲಿ ತಿಳಿಸಿದರು. ಸರ್ಕಾರಿ ನೌಕರರಿಗೆ ವಸ್ತ್ರಸಂಹಿತೆ ಇಲ್ಲವೆಂಬುದನ್ನೂ ಅವರು ಒಪ್ಪಿದ್ದರು.

ಉದ್ಯೋಗ ಪ್ರವೇಶ

ಶಿಕ್ಷಕಿಯಾಗಲು ಬೇಕಾದ ಪದವಿಗೆ ಪದವಿಪೂರ್ವ ಶಿಕ್ಷಣವೇ ಮೆಟ್ಟಿಲು. ಹೀಗಾಗಿ ತರಗತಿಯಿಂದ ದೂರ ಉಳಿದ ವಿದ್ಯಾರ್ಥಿನಿಯು ಮುಂದಿನ ಉದ್ಯೋಗದ ಅವಕಾಶವನ್ನೂ ಕಳೆದುಕೊಳ್ಳಬಹುದು. ನೇಮಕಾತಿ ಪರೀಕ್ಷೆಗಳಲ್ಲಿಯೂ ಉಡುಪಿನ ಪ್ರಶ್ನೆ ಎದ್ದಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪರೀಕ್ಷೆಗಳನ್ನು ಹಿಜಾಬ್ ಧರಿಸಿ ಬರೆಯಲು 2023ರ ಅಕ್ಟೋಬರ್‌ನಲ್ಲಿ ಅವಕಾಶ ನೀಡಲಾಯಿತು.

ನ್ಯಾಯಾಲಯದ ತೀರ್ಪುಗಳು

ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ, ಸಮವಸ್ತ್ರ ನಿಗದಿಯು ಸಮಂಜಸ ನಿರ್ಬಂಧ ಎಂದು ಉಚ್ಚ ನ್ಯಾಯಾಲಯವು 2022ರ ಮಾರ್ಚ್ 15ರಂದು ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಕ್ಟೋಬರ್ 13ರಂದು ಭಿನ್ನ ತೀರ್ಪು ನೀಡಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ನಿರ್ಬಂಧವನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಪ್ರಾಮುಖ್ಯ ನೀಡಿ ಸರ್ಕಾರದ ಆದೇಶವನ್ನು ರದ್ದುಪಡಿಸಿದರು. ಸೂಕ್ತ ಪೀಠದ ರಚನೆಗಾಗಿ ಪ್ರಕರಣವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಲಾಯಿತು. ಈ ಪ್ರಕರಣದ ವಿಷಯ ವಿದ್ಯಾರ್ಥಿಗಳ ಉಡುಪು. ಶಿಕ್ಷಕಿಯರ ಉಡುಪು ಅದರ ವ್ಯಾಪ್ತಿಯಲ್ಲಿ ಇರಲಿಲ್ಲ.