ಏಡನ್ ಬಂದರು ಮತ್ತು ನಮ್ಮ ಮುದ್ದೇನಹಳ್ಳಿ

ಒಡೆದ ಹಡಗೊಂದರ ಜಗಳಕ್ಕೆ ಇಡೀ ಬಂದರೇ ಕೈಬಿಟ್ಟುಹೋದ ಕಥೆ ಗೊತ್ತೇ?

1837. ಬ್ರಿಟಿಷ್ ಬಾವುಟ ಹೊತ್ತ ಮದರಾಸಿನ 'ದರಿಯಾ ದೌಲತ್' ಹಡಗು ಅರಬ್ಬೀ ಕಡಲಿನಾಚೆ, ಏಡನ್ ಹತ್ತಿರ ಒಡೆಯಿತು. ಸರಕೆಲ್ಲ ಲೂಟಿಯಾಯಿತು.

ಅದೇ ವರ್ಷದ ಕೊನೆಗೆ ಬೊಂಬಾಯಿ ಸರ್ಕಾರ ಕ್ಯಾಪ್ಟನ್ ಹೇನ್ಸ್‌ನನ್ನು 'ಕೂಟ್' ಯುದ್ಧನೌಕೆಯಲ್ಲಿ ಕಳಿಸಿತು. ಏಡನ್ ಆಳುತ್ತಿದ್ದ ಲಾಹೆಜ್ ಸುಲ್ತಾನನ ಮುಂದೆ ಎರಡು ಬೇಡಿಕೆ: ಲೂಟಿಗೆ ಪರಿಹಾರ ಕೊಡಿ, ಬಂದರನ್ನೂ ಬಿಟ್ಟುಕೊಡಿ. ಏಕೆಂದರೆ ಬೊಂಬಾಯಿ–ಸೂಯೆಜ್ ನಡುವಿನ ಉಗಿಹಡಗುಗಳಿಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಒಂದು ತಾಣ ಬೇಕಿತ್ತು.

ಮಾತುಕತೆ ಮುರಿದುಬಿತ್ತು. 1839ರ ಜನವರಿ 19ರಂದು ಯುದ್ಧನೌಕೆಗಳು ಗುಂಡಿನ ಮಳೆ ಸುರಿಸಿದವು. ಏಡನ್ ಬ್ರಿಟಿಷರ ವಶವಾಗಿ, ಬೊಂಬಾಯಿ ಆಡಳಿತಕ್ಕೆ ಸೇರಿತು.

ಬಂದರೇನೋ ಸಿಕ್ಕಿತು, ಕುಡಿಯುವ ನೀರು?

1906ರಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಲು ಅಲ್ಲಿಗೆ ಹೋದವರು ಬೊಂಬಾಯಿ ಸರ್ಕಾರದ ಎಂಜಿನಿಯರ್, ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು. ಲಾಹೆಜ್ ಕಡೆಯ ನದೀಪಾತ್ರದ ಮರಳಿನಡಿ ಅಡಗಿದ್ದ ನೀರನ್ನು ಬಾವಿಗಳಲ್ಲಿ ಹಿಡಿದು ಊರಿಗೆ ತರುವ ಯೋಜನೆ ಕೊಟ್ಟರು. ಒಳಚರಂಡಿಗೂ ಸಲಹೆ ಕೊಟ್ಟರು.

ಕೆರೆ, ಬಾವಿ ನಂಬಿ ಬದುಕುವ ಸೀಮೆಯ ಮಗ ಕಡಲಾಚೆಯ ಜನರ ಬಾಯಾರಿಕೆಗೆ ದಾರಿ ಹುಡುಕಿದರು. ಏಡನ್ ಇತಿಹಾಸ ಓದುವಾಗ ಹೇನ್ಸ್ ಹೆಸರಿನ ಜೊತೆ ಈ ಹೆಸರನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡೋಣ.